ಗೊನೆಗೊಂದು ಕೊಟ್ಟೆ

ಆಷಾಢದ ಮಳೆ ಹಿಡಿದು ಸುರಿಯತೊಡಗಿದಾಗ ಮಲೆನಾಡಿನ ಅಡಿಕೆ ತೋಟದಲ್ಲಿ ರೈತನ ಎದೆ ನಡುಗಿಸುವ ಸದ್ದೊಂದು ಕೇಳಿಸುತ್ತದೆ. ಎಳೆಯ ಹಸಿರು ಕಾಯಿಗಳು ಒಂದೊಂದಾಗಿ ನೆಲಕ್ಕೆ ಉದುರುವ ಸದ್ದು ಅದು. ಬಿದ್ದ ಕಾಯಿಯನ್ನು ಕೈಗೆತ್ತಿಕೊಂಡು ನೋಡಿದರೆ, ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆ ಕಾಣುತ್ತದೆ. ಕೆಲವು ದಿನಗಳಲ್ಲಿ ಅದರ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ಇದೇ ಕೊಳೆರೋಗ, ದಕ್ಷಿಣ ಕನ್ನಡದವರು ಇದನ್ನು ಮಹಾಳಿ ಎನ್ನುತ್ತಾರೆ. ವರ್ಷದ ದುಡಿಮೆಯೆಲ್ಲ ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುವುದುಂಟು.

ಈ ರೋಗದ ಮೂಲವನ್ನು ವಿಜ್ಞಾನದ ದೃಷ್ಟಿಯಿಂದ ಅರಸಿದವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಅವರು 1910ರಲ್ಲಿ ಕೊಳೆರೋಗವನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫೈಟಾಫ್ತೊರ ಎಂಬ ಕುಲದ ಸೂಕ್ಷ್ಮಜೀವಿಯೇ ರೋಗಕ್ಕೆ ಕಾರಣವೆಂದು ಅವರು ತೋರಿಸಿದರು. ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾಗಿದ್ದ ಈ ಜೀವಿಯನ್ನು ಇಂದಿನ ವಿಜ್ಞಾನಿಗಳು ನೀರುಬೂಷ್ಟುಗಳ ವರ್ಗಕ್ಕೆ ಸೇರಿಸುತ್ತಾರೆ. ಆ ಹೆಸರು ಅದಕ್ಕೆ ಒಪ್ಪುವಂಥದು. ಅದರ ಬೀಜಾಣುಗಳು ಕಾಯಿಯ ಮೇಲೆ ನಿಂತ ತೆಳುವಾದ ನೀರಿನ ಪದರದಲ್ಲಿ ಈಜಿ ಹೊಸ ಕಾಯಿಗೆ ದಾಳಿಯಿಡುತ್ತವೆ. ನೀರಿಲ್ಲದಿದ್ದರೆ ಅವುಗಳ ಆಟ ಸಾಗದು.

ಕೋಲ್ಮನ್ನರು ಸೂಚಿಸಿದ ಮದ್ದು ಬೋರ್ಡೊ ಮಿಶ್ರಣ. ಮೈಲುತುತ್ತ ಮತ್ತು ಸುಣ್ಣವನ್ನು ಒಂದೊಂದು ಕಿಲೋದಂತೆ ನೂರು ಲೀಟರು ನೀರಿನಲ್ಲಿ ಸೇರಿಸಿ ಇದನ್ನು ಸಿದ್ಧಪಡಿಸುವುದು ಇಂದಿನ ರೂಢಿ. ಫ್ರಾನ್ಸಿನಲ್ಲಿ ದಾರಿಯಂಚಿನ ದ್ರಾಕ್ಷಿಯನ್ನು ಕಳ್ಳರು ಮುಟ್ಟದಿರಲೆಂದು ಬಳಿಯುತ್ತಿದ್ದ ಬಣ್ಣದಿಂದ ಹುಟ್ಟಿದ ಔಷಧವಿದು! ಹಾಗೆ ಬಳಿದ ಬಳ್ಳಿಗಳು ಬೂಷ್ಟುರೋಗಕ್ಕೆ ತುತ್ತಾಗದಿದ್ದುದನ್ನು ಕಂಡ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು 1885ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದನು. ಅಡಿಕೆಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಆದರೆ ತಾಮ್ರವು ಕೊಳೆತು ಮಾಯವಾಗುವ ವಸ್ತುವಲ್ಲ. ವರ್ಷ ವರ್ಷವೂ ಸಿಂಪಡಿಸಿದ್ದು ಮಳೆಯಲ್ಲಿ ತೊಳೆದು ಮೇಲ್ಮಣ್ಣಿನಲ್ಲಿ ಶೇಖರವಾಗುತ್ತದೆ. ಪ್ರಮಾಣ ಮೀರಿದರೆ ಎರೆಹುಳುಗಳಿಗೂ ಮಣ್ಣಿನ ಇತರ ಜೀವಿಗಳಿಗೂ ಅದು ಕೇಡು.

ಬೋರ್ಡೊ ಬರುವ ಮೊದಲೇ ಮಲೆನಾಡಿನವರಿಗೆ ಒಂದು ಉಪಾಯ ತಿಳಿದಿತ್ತು. ಅದೇ ಕೊಟ್ಟೆ ಕಟ್ಟುವುದು. ಅಡಿಕೆಯ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಹೆಣೆದ ಕೊಟ್ಟೆಯನ್ನು ಮುಂಗಾರಿಗೆ ಮುನ್ನ ಗೊನೆಯ ಮೇಲೆ ಕೊಡೆಯಂತೆ ಇಳಿಬಿಡುತ್ತಿದ್ದರು. ಸೂಕ್ಷ್ಮದರ್ಶಕವನ್ನು ಕಂಡರಿಯದ ಆ ಜನರು, ಗೊನೆ ನೆನೆಯದಿದ್ದರೆ ಕೊಳೆಯದು ಎಂಬುದನ್ನು ಮಾತ್ರ ಚೆನ್ನಾಗಿ ಅರಿತಿದ್ದರು. ಇದರಲ್ಲಿ ಇನ್ನೊಂದು ಗುಣವೂ ಉಂಟು. ಕೊಟ್ಟೆ ಕಟ್ಟುವ ಕಾಲಕ್ಕೆ ಮರ ಒಣಗಿರುತ್ತದೆ. ಮದ್ದಿನ ಎರಡನೆಯ ಸಿಂಪಡಣೆಯಾದರೋ ಮೊದಲನೆಯದಾದ ಸುಮಾರು 40 ದಿನಗಳ ಮೇಲೆ, ನಡುಮಳೆಗಾಲದಲ್ಲಿ ಬರುತ್ತದೆ. ಆಗ ಪಾಚಿಗಟ್ಟಿ ಜಾರುವ ಮರವನ್ನೇರುವ ಕೊನೆಗಾರನ ಜೀವಕ್ಕೆ ಹೊಣೆ ಯಾರು?

ಹಾಗೆಂದು ಕೊಟ್ಟೆಯ ಕೆಲಸ ಸುಲಭವಾಗಿರಲಿಲ್ಲ. ಸಾವಿರ ಮರಗಳ ತೋಟಕ್ಕೆ ಸಾವಿರಾರು ಕೊಟ್ಟೆಗಳು ಬೇಕು. ಮಳೆ ಬೀಳುವ ಮುನ್ನ ಅಷ್ಟನ್ನೂ ಕಟ್ಟಿ ಮುಗಿಸಬೇಕು. ಕೈಗಳು ಕಡಿಮೆಯಾದಂತೆ ಈ ಪದ್ಧತಿ ಹಿಂದೆ ಸರಿಯಿತು. ಪ್ಲಾಸ್ಟಿಕ್ ಕೊಟ್ಟೆಗಳು ಅದರ ಸ್ಥಾನಕ್ಕೆ ಬಂದಿವೆಯಾದರೂ, ಹರಿದು ತೋಟದಲ್ಲೇ ಉಳಿದ ಪ್ಲಾಸ್ಟಿಕ್ ಇನ್ನೊಂದು ಪೀಡೆಯೇ ಸರಿ. ಎಡೆಬಿಡದೆ ಮಳೆ ಸುರಿಯುವ ಸೀಮೆಗಳಲ್ಲಿ ಬೋರ್ಡೊ ಮಿಶ್ರಣವನ್ನು ಪೂರ್ತಿಯಾಗಿ ಕೈಬಿಡಿರೆಂದು ರೈತನಿಗೆ ಹೇಳುವುದು ನ್ಯಾಯವಲ್ಲ.

ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಸೊರಗಿಸುವುದೂ ಫೈಟಾಫ್ತೊರ ಕುಲದ್ದೇ ಇನ್ನೊಂದು ಜೀವಿ. ಅಲ್ಲಿ ನೆರವಿಗೆ ಬರುವುದು ಟ್ರೈಕೋಡರ್ಮ ಎಂಬ ಶಿಲೀಂಧ್ರ. ಇದು ಶತ್ರುವಿನ ಆಹಾರವನ್ನೂ ನೆಲೆಯನ್ನೂ ಕಸಿದುಕೊಳ್ಳುತ್ತದೆ. ಅದರ ಎಳೆಗಳನ್ನು ಸುತ್ತಿಕೊಂಡು ಕರಗಿಸಿ ತಿನ್ನುವುದೂ ಉಂಟು. ಕಳಿತ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಇದನ್ನು ಬೆರೆಸಿ, ನೆರಳಿನಲ್ಲಿ ತೇವವಾರದಂತೆ ಸುಮಾರು ಎರಡು ವಾರ ಮುಚ್ಚಿಟ್ಟು, ಬಳಿಕ ಬಳ್ಳಿಯ ಬುಡಕ್ಕೆ ಹಾಕುತ್ತಾರೆ. ಶಿಲೀಂಧ್ರನಾಶಕವನ್ನು ಇದರೊಡನೆ ಬೆರೆಸಬಾರದು. ಬೆರೆಸಿದರೆ ಮಿತ್ರನೇ ಮೊದಲು ಸಾಯುತ್ತಾನೆ.

ಇನ್ನು ಹೆಚ್ಚು ಖರ್ಚಿಲ್ಲದ ಕೆಲಸವೊಂದಿದೆ. ಉದುರಿದ ಕಾಯಿಯಲ್ಲೂ ಮರದಲ್ಲೇ ಒಣಗಿ ನಿಂತ ರೋಗದ ಗೊನೆಯಲ್ಲೂ ಕೊಳೆಯ ಬೀಜ ಉಳಿದಿರುತ್ತದೆ. ಒಣಗೊನೆಗಳನ್ನು ಬೇಸಿಗೆಯಲ್ಲಿ ಕೊನೆಗಾರನಿಂದ ಇಳಿಸಿ ಸುಡಬೇಕು. ನೆಲದ ಕಾಯಿಗಳನ್ನಾದರೋ ಮಳೆ ಹೊಳವಾದ ಹೊತ್ತಿನಲ್ಲಿ ಮನೆಯವರೇ ಬುಟ್ಟಿ ಹಿಡಿದು ಹೆಕ್ಕಿ, ತೋಟದಿಂದ ಆಚೆಗೆ ಸಾಗಿಸಬಹುದು.