ಮನೆಯಲ್ಲೇ ಟೇಲರಿಂಗ್: ದುಡಿಮೆಯ ಜೊತೆ ಸಮಯವೂ ನಿಮ್ಮದಾಗಲು

ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಣ್ಣುಮಕ್ಕಳು ಈ ಕೆಲಸ ಹಿಡಿಯುವುದೇ ಸಮಯ ಕೈಯಲ್ಲಿರಲಿ ಎಂದು. ಮಗುವಿಗೆ ಜ್ವರ ಬಂದರೆ ಯಾರಿಗೂ ರಜೆ ಅರ್ಜಿ ಕೊಡಬೇಕಿಲ್ಲ. ಆದರೆ ಗೌರಿ ಹಬ್ಬ ಹತ್ತಿರ ಬಂತೆಂದರೆ ರಾತ್ರಿ ಹನ್ನೊಂದಾದರೂ ಮಷೀನು ನಿಲ್ಲುವುದಿಲ್ಲ. ಸ್ವಂತ ದುಡಿಮೆಯ ಸ್ವಾತಂತ್ರ್ಯ ದಕ್ಕಬೇಕಾದರೆ ಶುರುವಿನಲ್ಲೇ ಕೆಲವು ಏರ್ಪಾಡು ಮಾಡಿಕೊಳ್ಳಬೇಕು.

ಮೊದಲು ಕೈ ಪಳಗಲಿ

ಕಟಿಂಗ್ ಸರಿಯಾಗಿ ಬಾರದಿದ್ದರೆ ಅರ್ಧ ದಿನ ಆಲ್ಟರೇಷನ್‌ಗೇ ಹೋಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ, ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. ಹೊಲಿಗೆಯ ಜೊತೆ ಲೆಕ್ಕ ಬರೆಯುವುದು, ಸಾಲದ ಅರ್ಜಿ ಹಾಕುವುದನ್ನೂ ಹೇಳಿಕೊಡುತ್ತಾರೆ. ಮುಂದಿನ ತಂಡ ಯಾವಾಗ ಎಂದು ನಿಮ್ಮ ಬ್ಯಾಂಕಿನಲ್ಲೇ ವಿಚಾರಿಸಿ.

ಕೂಲಿ ಗೊತ್ತುಮಾಡುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಪಕ್ಕದ ಬೀದಿಯವರು ಎಷ್ಟು ತಗೊಳ್ಳುತ್ತಾರೋ ಅದಕ್ಕಿಂತ ಐವತ್ತು ರೂಪಾಯಿ ಕಡಿಮೆ ಹೇಳಿಬಿಡುತ್ತಾರೆ. ಹಾಗೆ ಮಾಡಬೇಡಿ, ಒಂದು ಬ್ಲೌಸಿನ ಲೆಕ್ಕ ಬರೆದು ನೋಡಿ. ಲೈನಿಂಗ್ ಬ್ಲೌಸಿಗೆ 450 ರೂಪಾಯಿ ಎಂದಿಟ್ಟುಕೊಳ್ಳೋಣ. ಲೈನಿಂಗ್ ಬಟ್ಟೆ, ಹುಕ್ಕು, ದಾರ, ಕರೆಂಟಿಗೆ 100 ರೂಪಾಯಿ ಕಳೆದರೆ ಉಳಿದದ್ದು 350. ಕಟಿಂಗ್, ಹೊಲಿಗೆ, ಕೈಹೊಲಿಗೆಗೆ ಮೂರು ತಾಸು ಹಿಡಿದರೆ ತಾಸಿಗೆ ಸುಮಾರು 116 ರೂಪಾಯಿ. ಆದರೆ ಅಳತೆ ತೆಗೆದದ್ದು, ಫೋನಿನಲ್ಲಿ ಡಿಸೈನ್ ನೋಡಿದ್ದು, ತೋಳು ಬಿಗಿ ಎಂದು ವಾಪಸ್ ಬಂದಾಗ ಬಿಚ್ಚಿ ಹೊಲಿದದ್ದು ಸೇರಿ ಇನ್ನೊಂದು ತಾಸು ಹೋಗಿರುತ್ತದೆ. ಅದನ್ನೂ ಸೇರಿಸಿದರೆ ತಾಸಿಗೆ 87 ರೂಪಾಯಿಗೆ ಇಳಿಯಿತು. ಈ ನಾಲ್ಕನೇ ತಾಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೂ ದರ ಸೇರಿಸಿಯೇ ಕೂಲಿ ಹೇಳಿ. ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಚೌಕಾಸಿಯೂ ಕಡಿಮೆಯಾಗುತ್ತದೆ.

ಹೊತ್ತು ಮತ್ತು ಅಡ್ವಾನ್ಸ್

ಬಟ್ಟೆ ಕೊಡುವ, ಒಯ್ಯುವ ಹೊತ್ತನ್ನು ಬೋರ್ಡಿನ ಮೇಲೆ ಬರೆಯಿರಿ. ‘ಅಕ್ಕಾ, ನಾಳೆಗೇ ಬೇಕು’ ಎನ್ನುವವರಿಗೆ ಅರ್ಜೆಂಟ್ ದರ ಬೇರೆ ಇರಲಿ. ಅರ್ಧ ಹಣ ಮುಂಗಡ ಪಡೆಯದೆ ಕತ್ತರಿ ಹಾಕಬೇಡಿ. ನೆಂಟರಿಗೂ ಇದೇ ನಿಯಮ, ಇದರಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಆರ್ಡರ್ ಇಳಿಯುತ್ತದೆ. ಸೀಸನ್ನಿನ ಹಣದಲ್ಲಿ ಒಂದು ಪಾಲು ಆ ತಿಂಗಳಿಗೆ ತೆಗೆದಿಡಿ.

ನೋಂದಣಿ, ಸಾಲ, ಖಾತೆ

ಸಣ್ಣ ಉದ್ಯಮಗಳಿಗೆಂದೇ ಇರುವ ‘ಉದ್ಯಮ್’ ನೋಂದಣಿ ಪೂರ್ತಿ ಉಚಿತ. ಹಣ ಕೇಳುವ ಜಾಲತಾಣಗಳಿಂದ ದೂರವಿದ್ದು, ಸರ್ಕಾರದ ಜಾಲತಾಣದಲ್ಲೇ ಮಾಡಿಸಿ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲವಿದೆ. ಮಷೀನಿಗೆ ಅಷ್ಟು ಸಾಕು. ಅಂಗಡಿ ಬಾಡಿಗೆ ಹಿಡಿಯಲು ಸಾಲ ಮಾಡುವುದು ಬೇಡ ಎಂಬುದು ನನ್ನ ಖಚಿತ ಸಲಹೆ. ಕಂತಿನ ಭಾರ ಹೆಚ್ಚಾದರೆ ಬೇಡದ ಆರ್ಡರನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ವ್ಯವಹಾರಕ್ಕೆಂದೇ ಒಂದು ಬ್ಯಾಂಕ್ ಖಾತೆ ತೆರೆದು, ಫೋನ್‌ಪೇ, ಗೂಗಲ್‌ಪೇ ಎರಡನ್ನೂ ಅದಕ್ಕೇ ಜೋಡಿಸಿ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದದ್ದು ನೆನಪಿರಬಹುದು. ಮನೆಯವರು ಕಳಿಸಿದ ಹಣವೂ ಗಿರಾಕಿಯ ಹಣವೂ ಒಂದೇ ಖಾತೆಯಲ್ಲಿ ಬೆರೆತರೆ ಬಿಡಿಸಿ ತೋರಿಸುವುದು ಕಷ್ಟ. ಹೊಲಿಗೆ ಸೇವೆಯ ಲೆಕ್ಕಕ್ಕೆ ಬರುತ್ತದೆ. ಇದರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಗಾಬರಿ ಬೇಡ, ಆದರೆ ದಿನದ ಲೆಕ್ಕ ತಪ್ಪದೆ ಬರೆಯಿರಿ.

ಮುಪ್ಪಿಗೂ ಇರಲಿ

ಸ್ವಂತ ಕೆಲಸಕ್ಕೆ ಪಿಎಫ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಆದಾಯ ತೆರಿಗೆ ಕಟ್ಟದವರು ಅಟಲ್ ಪಿಂಚಣಿ ಯೋಜನೆ ಸೇರಬಹುದು. 60 ತುಂಬಿದ ಮೇಲೆ, ಕಟ್ಟಿದ ಕಂತಿಗೆ ತಕ್ಕಂತೆ, ತಿಂಗಳಿಗೆ 1,000ದಿಂದ 5,000 ರೂಪಾಯಿ ಬರುತ್ತದೆ. ಸೇರಲು ವಯೋಮಿತಿ 18ರಿಂದ 40. ನಿಮಗೆ ಮೂವತ್ತೆಂಟೋ ಮೂವತ್ತೊಂಬತ್ತೋ ಆಗಿದ್ದರೆ ಈ ವಾರವೇ ಬ್ಯಾಂಕಿಗೆ ಹೋಗಿ ಬನ್ನಿ.