ಹೆಸರಿನಲ್ಲೇ ಲೆಕ್ಕ: ರೋಮಿನ ಮಂಡಳಿಗಳು

ಡಿಸೆಂಬರ್ ಎಷ್ಟನೇ ತಿಂಗಳು? ಹನ್ನೆರಡನೇದು ಅಂತ ಚಿಕ್ಕ ಮಕ್ಕಳೂ ಹೇಳ್ತಾರೆ. ಆದರೆ ರೋಮಿನವರ ಲ್ಯಾಟಿನ್ ಭಾಷೆಯಲ್ಲಿ 'ದೆಕೆಮ್' ಎಂದರೆ ಹತ್ತು! ಬಹಳ ಹಿಂದೆ ಅವರ ವರ್ಷ ಮಾರ್ಚಿಯಿಂದ ಶುರುವಾಗುತ್ತಿತ್ತು, ಆಗ ಅದು ಹತ್ತನೇ ತಿಂಗಳು. ಆಮೇಲೆ ವರ್ಷ ಜನವರಿಗೆ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಇದೇ ತಮಾಷೆ ರೋಮಿನ ಪೂಜಾರಿಗಳ ಮತ್ತು ಅಧಿಕಾರಿಗಳ ಮಂಡಳಿಗಳಲ್ಲೂ ಇದೆ.

ಒಂದು ಕೆಲಸಕ್ಕೆ ಕೆಲವರನ್ನು ನೇಮಿಸಿದರೆ ರೋಮಿನವರು ಎಷ್ಟೋ ಸಲ ಅವರ ಎಣಿಕೆಯನ್ನೇ ಹೆಸರಾಗಿ ಇಡುತ್ತಿದ್ದರು. 'ವಿರ್' ಎಂದರೆ ಗಂಡಸು, 'ವಿರಿ' ಎಂದರೆ ಗಂಡಸರು. ಇಬ್ಬರಾದರೆ ದುವೊವಿರಿ, ಮೂವರಾದರೆ ತ್ರೆಸ್‌ವಿರಿ, ಏಳು ಜನ ಸೆಪ್ತೆಮ್‌ವಿರಿ, ಹತ್ತು ಜನ ದೆಕೆಮ್‌ವಿರಿ, ನೂರು ಜನ ಕೆಂತುಮ್‌ವಿರಿ. ಸಂಸ್ಕೃತದ ದ್ವಿ, ತ್ರಿ, ಸಪ್ತ, ದಶ ನೆನಪಾಗುತ್ತೆ ಅಲ್ವಾ? ಆ ಎರಡೂ ಭಾಷೆಗಳಿಗೆ ಮೂಲ ಒಂದೇ. 'ವಿರ್' ಕೂಡ ಸಂಸ್ಕೃತದ 'ವೀರ'ನಿಗೆ ನೆಂಟ. ನಮ್ಮ 'ಮೂವರು, ಐವರು' ಕೇಳಲು ಹಾಗೇ ಇದ್ದರೂ ಕನ್ನಡ ಬೇರೆ ಕುಟುಂಬದ ಭಾಷೆ, ಅದು ಬರೀ ಹೋಲಿಕೆ.

ಈಗ ಒಂದು ಕಥೆ. ಒಬ್ಬ ಮುದುಕಿ ರಾಜ ತಾರ್ಕ್ವಿನನ ಹತ್ತಿರ ಒಂಬತ್ತು ಪುಸ್ತಕ ಮಾರಲು ಬಂದಳಂತೆ. ದುಬಾರಿ ಎಂದು ರಾಜ ನಕ್ಕ. ಅವಳು ಮೂರನ್ನು ಸುಟ್ಟು, ಉಳಿದ ಆರಕ್ಕೆ ಅದೇ ಬೆಲೆ ಕೇಳಿದಳು. ಆಗಲೂ ಬೇಡ ಅಂದ. ಇನ್ನೂ ಮೂರು ಸುಟ್ಟಳು. ಕೊನೆಗೆ ರಾಜ ಹೆದರಿ, ಮೂರೇ ಮೂರನ್ನು ಅಷ್ಟೇ ಬೆಲೆಗೆ ಕೊಂಡ! ಅವೇ ಸಿಬಿಲ್ಲಳ ಪುಸ್ತಕಗಳು. ರೋಗವೋ ಸೋಲೋ ಬಂದಾಗ ಸೆನೆಟ್ ಅಪ್ಪಣೆ ಕೊಟ್ಟರೆ ಅವನ್ನು ತೆಗೆದು ನೋಡುತ್ತಿದ್ದರು. ನೋಡುವ ಹಕ್ಕು ಮೊದಲು ಇಬ್ಬರಿಗೆ ಇತ್ತು. ಅವರು ಮೇಲ್ವರ್ಗದ ಪೆಟ್ರೀಷಿಯನ್ನರು. ಸಾಮಾನ್ಯರಾದ ಪ್ಲೆಬಿಯನ್ನರು ನಮಗೂ ಪಾಲು ಬೇಕೆಂದು ಹೋರಾಡಿದರು. ಕ್ರಿ.ಪೂ. 367ರಲ್ಲಿ ಇಬ್ಬರಿದ್ದದ್ದು ಹತ್ತಾಯಿತು, ಅದರಲ್ಲಿ ಐದು ಸಾಮಾನ್ಯರಿಗೆ. ನನಗೆ ಮುದುಕಿಯ ಕಥೆಗಿಂತ ಇದೇ ಹೆಚ್ಚು ಇಷ್ಟ. ಮುಂದೆ ಹದಿನೈದಾಗಿ ಹೆಸರು 'ಕ್ವಿಂದೆಕಿಮ್‌ವಿರಿ' ಆಯಿತು. ಜೂಲಿಯಸ್ ಸೀಸರ್ ಇನ್ನೊಬ್ಬನನ್ನು ಸೇರಿಸಿ ಹದಿನಾರು ಮಾಡಿದ. ಹೆಸರು? ಹದಿನೈದೇ!

ದೇವರ ಔತಣ ನೋಡಿಕೊಳ್ಳುವ ಮಂಡಳಿಯದೂ ಇದೇ ಪಾಡು. ಕ್ರಿ.ಪೂ. 196ರಲ್ಲಿ ಮೂವರು, ಆಮೇಲೆ ಏಳು. ಸೀಸರ್ ಹತ್ತು ಮಾಡಿದರೂ 'ಸೆಪ್ತೆಮ್‌ವಿರಿ' ಎಂದೇ ಕರೆದರು. ಆಸ್ತಿ ಪಾಲಿನ ವ್ಯಾಜ್ಯ ಕೇಳುವ ನೂರು ಜನರ ಲೆಕ್ಕ ಹಾಕಿ ನೋಡಿ. ರೋಮಿನ 35 ಪಂಗಡಗಳಿಂದ ತಲಾ ಮೂವರು. ಎಷ್ಟಾಯಿತು? 105! ನಮ್ಮಲ್ಲೂ 'ಪಂಚಾಯಿತಿ'ಯಲ್ಲಿ ಪಂಚ, ಅಂದರೆ ಐದು, ಅಡಗಿದೆ. ಆದರೆ ಗ್ರಾಮ ಪಂಚಾಯಿತಿ ಸದಸ್ಯರು ಐದೇ ಜನ ಇರುವುದಿಲ್ಲ. ಇನ್ನೊಂದು ವ್ಯತ್ಯಾಸ, ಅಲ್ಲಿ ಹೆಸರಿನಲ್ಲೇ ಗಂಡಸರು ಎಂದಿತ್ತು. ಕರ್ನಾಟಕದಲ್ಲಿ 2010ರಿಂದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು.

ಇಷ್ಟು ಜನ ಯಾಕೆ, ಒಬ್ಬನೇ ಸಾಲದೇ? ರಾಜನನ್ನು ಓಡಿಸಿದ ಮೇಲೆ ರೋಮಿನವರಿಗೆ ಒಬ್ಬನ ಕೈಗೆ ಅಧಿಕಾರ ಕೊಡಲು ಭಯ. ಒಬ್ಬ ತಪ್ಪಿದರೆ ಇನ್ನೊಬ್ಬ ತಡೆಯಲಿ ಎಂಬ ಯೋಚನೆ. ಆದರೆ ಎಲ್ಲರೂ ಒಂದಾಗಿಬಿಟ್ಟರೆ? ಕ್ರಿ.ಪೂ. 451ರಲ್ಲಿ ಕಾನೂನು ಬರೆಯಲು ಹತ್ತು ಜನರನ್ನು ನೇಮಿಸಿದರು. ಬಾಯಿಮಾತಿನಲ್ಲಿದ್ದ ಕಾನೂನು ಎಲ್ಲರಿಗೂ ಕಾಣುವ ಹಾಗೆ ಫಲಕಗಳ ಮೇಲೆ ಬಂತು. ಅವೇ 'ಹನ್ನೆರಡು ಫಲಕಗಳು'. ಮರುವರ್ಷ ಬಂದ ಹತ್ತು ಜನ ಅವಧಿ ಮುಗಿದರೂ ಕುರ್ಚಿ ಬಿಡಲಿಲ್ಲ. ಜನ ಸಿಟ್ಟಾಗಿ ಊರನ್ನೇ ಬಿಟ್ಟು ಗುಡ್ಡಕ್ಕೆ ಹೋಗಿ ಕೂತರು, ಆಗ ಇಳಿದರು ಎಂದು ಲಿವಿ ಎಂಬ ಇತಿಹಾಸಕಾರ ಬರೆದಿದ್ದಾನೆ. ಕ್ರಿ.ಪೂ. 43ರಲ್ಲಿ ಆಕ್ಟೇವಿಯನ್, ಆಂಟನಿ, ಲೆಪಿಡಸ್ ಕಾನೂನಿನ ಪ್ರಕಾರವೇ ಮೂವರ ಮಂಡಳಿಯಾದರು. ಕೊಲ್ಲಬೇಕಾದವರ ಪಟ್ಟಿ ಮಾಡಿ ಹಚ್ಚಿದರು. ದೊಡ್ಡ ಮಾತುಗಾರ ಸಿಸೆರೋ ಆ ಪಟ್ಟಿಯಲ್ಲಿದ್ದು, ಅದೇ ಡಿಸೆಂಬರ್‌ನಲ್ಲಿ ಕೊಲೆಯಾದ.

ಕೊನೆಗೆ ನಿಮಗೊಂದು ಪ್ರಶ್ನೆ. ಕಿರಿಯ ಅಧಿಕಾರಿಗಳು ಒಟ್ಟು 26 ಜನ ಇದ್ದರು. ಅಗಸ್ಟಸ್ ಕಾಲದಲ್ಲಿ ಅದು 20ಕ್ಕೆ ಇಳಿಯಿತು, ಈ ಸಲ ಹೆಸರೂ ಬದಲಾಯಿತು! ಲ್ಯಾಟಿನ್‌ನಲ್ಲಿ ಇಪ್ಪತ್ತಕ್ಕೆ 'ವಿಗಿಂತಿ' ಎನ್ನುತ್ತಾರೆ. ಹೊಸ ಹೆಸರು ಏನಿರಬಹುದು? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಸಿಕ್ಕಿಸಿ.