ಹಾಸನ ಸುತ್ತಲು ಹೊರಟ ಮಗಳಿಗೆ

ಸೈಪ್ರಸ್ ದ್ವೀಪದಲ್ಲಿ ಬಾಡಿಗೆ ಕಾರು ಹಿಡಿದು, ಡ್ರೈವರೂ ಇಲ್ಲದೆ ಗೈಡೂ ಇಲ್ಲದೆ ನೀನೂ ಅಳಿಯಂದಿರೂ ಸುತ್ತಿ ಬಂದಿರಿ. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ, ಕಷ್ಟವಾಗಲಿಲ್ಲ ಅಂದೆ. ಈಗ ಅದೇ ರೀತಿ ನಮ್ಮ ಜಿಲ್ಲೆಯನ್ನೂ ನೋಡಬೇಕು ಅಂತ ಹೊರಟಿದ್ದೀಯ, ಕೇಳಿ ತುಂಬಾ ಸಂತೋಷವಾಯಿತು. ಈ ದಾರಿಗಳಲ್ಲಿ ಬಹಳ ವರ್ಷ ಓಡಾಡಿದ ದೊಡ್ಡಪ್ಪನಾಗಿ ನಾಲ್ಕು ಮಾತು ಹೇಳುತ್ತೇನೆ, ಕೇಳು ಮಗಳೇ.

ಮೊದಲು ಕಾರಿನ ಮಾತು. ಸೈಪ್ರಸ್‌ನಲ್ಲಿ ಬಾಡಿಗೆ ಕಾರಿಗೆ ಕೆಂಪು ನಂಬರ್ ಪ್ಲೇಟು ಇರುತ್ತದಲ್ಲ, ಹಾಗೆ ನಮ್ಮಲ್ಲಿ ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಪರಿಚಯದವರು ಅಂತ ಯಾರಾದರೂ ಬಿಳಿ ಪ್ಲೇಟಿನ ಸ್ವಂತ ಕಾರನ್ನು ಬಾಡಿಗೆಗೆ ಕೊಟ್ಟರೆ ತೆಗೆದುಕೊಳ್ಳಬೇಡ. ಏನಾದರೂ ಆದಾಗ ವಿಮೆಯವರು ಕೈ ಎತ್ತಿಬಿಡಬಹುದು.

ಇನ್ನು ದಾರಿಯ ಮಾತು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನ. ಒಂದರಿಂದ ಇನ್ನೊಂದಕ್ಕೆ ಗಂಟೆಯ ದಾರಿ. ಹಾಗಂತ ಒಂದೇ ದಿನಕ್ಕೆ ಮುಗಿಸಲು ಹೋಗಬೇಡ, ಮೂರು ದಿನ ಇಟ್ಟುಕೋ. ಬೇಲೂರು, ಹಳೇಬೀಡನ್ನು ಈ ಸಲ ಬಿಟ್ಟುಬಿಡು. ಅಲ್ಲಿಗೆ ಎಲ್ಲರೂ ಹೋಗುತ್ತಾರೆ, ನೀನೂ ಇನ್ನೊಮ್ಮೆ ಹೋಗುತ್ತೀಯ.

ಶ್ರವಣಬೆಳಗೊಳಕ್ಕೆ ಬೆಳಗಿನ ಜಾವವೇ ಹೋಗು. ಚಾವುಂಡರಾಯ ಕ್ರಿ.ಶ. 981ರಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟನ ಹತ್ತಿರ ಹೋಗಲು ಬರಿಗಾಲಲ್ಲೇ ಬಂಡೆ ಹತ್ತಬೇಕು. ಹತ್ತು ಗಂಟೆಯಾದರೆ ಕಲ್ಲು ಕಾಯುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ಇಳಿದ ಮೇಲೆ ನೇರ ಹಾಸನಕ್ಕೆ ಓಡದೆ ನುಗ್ಗೇಹಳ್ಳಿಗೆ ಹೋಗು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ದಕ್ಷಿಣದ ಗೋಡೆ ಬೈಚೋಜನ ಕೈಕೆಲಸ, ಉತ್ತರದ್ದು ಮಲ್ಲಿತಮ್ಮನದು. ಶಿಲ್ಪಗಳ ಕೆಳಗೆ ಅವರ ಹೆಸರೂ ಇದೆ. ಎರಡು ಗೋಡೆಗೂ ಅರ್ಧರ್ಧ ಗಂಟೆ ಕೊಟ್ಟು ನೋಡಿದರೆ ಇಬ್ಬರ ಉಳಿಯ ವ್ಯತ್ಯಾಸ ನಿನಗೇ ಗೊತ್ತಾಗುತ್ತದೆ. ಬಾಗಿಲು ಹಾಕಿದ್ದರೆ ಬೇಸರಪಟ್ಟು ಹಿಂದಿರುಗಬೇಡ, ಅರ್ಚಕರ ಮನೆ ಎಲ್ಲಿ ಅಂತ ಊರಲ್ಲಿ ಯಾರನ್ನಾದರೂ ಕೇಳು.

ಈಗ ಹೇಳುವುದನ್ನು ಮನಸ್ಸಿಟ್ಟು ಕೇಳು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಸಣ್ಣ ರಸ್ತೆಗಳೇ ಕಣ. ರಾಗಿ ತೆನೆ, ಹುರುಳಿ ಬಳ್ಳಿ ಎಲ್ಲವನ್ನೂ ಟಾರಿನ ಮೇಲೆ ಹರವಿಬಿಡುತ್ತಾರೆ, ಹೋಗಿಬರುವ ಗಾಡಿಯೇ ಒಕ್ಕಣೆ ಮಾಡಿಕೊಡಲಿ ಅಂತ. ರೈತರ ಮೇಲೆ ರೇಗಬೇಡ, ಆಳು ಸಿಗದೆ ಅವರೂ ಹೈರಾಣಾಗಿದ್ದಾರೆ. ಆದರೆ ನಿನ್ನ ಜಾಗ್ರತೆಯಲ್ಲಿ ನೀನಿರು. ಒಣಗಿದ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡು, ಕಾರೇ ಸುಟ್ಟುಹೋಗಿರುವುದುಂಟು. ಪಕ್ಕದಲ್ಲಿ ದಾರಿ ಇದ್ದರೆ ಅದರಲ್ಲೇ ಹೋಗು. ಇಲ್ಲದಿದ್ದರೆ ನಿಧಾನವಾಗಿ ದಾಟು, ಅದರ ಮೇಲೆ ಗಕ್ಕನೆ ಬ್ರೇಕ್ ಹಾಕಬೇಡ, ಜಾರುತ್ತದೆ. ದಾಟಿದ ಮೇಲೆ ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ಅಡಿಯಲ್ಲಿ ನೋಡು. ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆದು ಹಾಕು. ಎರಡು ನಿಮಿಷದ ಕೆಲಸ, ಸೋಮಾರಿತನ ಮಾಡಬೇಡ.

ಹೊಳೆನರಸೀಪುರದಲ್ಲಿ ಪೆಟ್ರೋಲ್ ತುಂಬಿಸಿ, ಅಕ್ಕಿರೊಟ್ಟಿ ಹುಚ್ಚೆಳ್ಳು ಚಟ್ನಿ ಸಿಕ್ಕರೆ ತಿಂದು, ಅರಕಲಗೂಡು ದಾಟಿ ರಾಮನಾಥಪುರಕ್ಕೆ ಹೋಗು. ಕಾವೇರಿ ದಡದ ವಹ್ನಿ ಪುಷ್ಕರಿಣಿಯಲ್ಲಿ ಮೀನು ಹಿಡಿಯುವಂತಿಲ್ಲ, ಪುರಿ ಹಾಕಿದರೆ ಗುಂಪು ಗುಂಪಾಗಿ ಬರುತ್ತವೆ. ಮೆಟ್ಟಿಲ ಮೇಲೆ ಪಾಚಿ ಇರುತ್ತದೆ, ಸೆಲ್ಫಿಗೆಂದು ಕೊನೆಯ ಮೆಟ್ಟಿಲಿಗೆ ಇಳಿಯಬೇಡಿ. ಹತ್ತಿರದಲ್ಲೇ ರುದ್ರಪಟ್ಟಣ, ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತಗಾರರನ್ನು ಕೊಟ್ಟ ಊರು. ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿದ್ದಾರೆ. ಕೊಣನೂರಿನ ತೂಗುಸೇತುವೆಯನ್ನೂ ನೋಡಿಕೊಂಡು ಬಾ.

ಹಿಂದಿರುಗುವಾಗ ಗೊರೂರು ಸಿಗುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಮುದಿ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು, ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊರಡುವ ಮೊದಲು ಆ ಪುಸ್ತಕ ಓದಿಕೋ. ಹೊರಗಿನದನ್ನು ನೋಡುವಾಗಲೂ ಹಳ್ಳಿಯ ಕಣ್ಣನ್ನು ಬಿಡದೆ ಇಟ್ಟುಕೊಂಡವರು ಅವರು, ನನಗೆ ಬಹಳ ಬೇಕಾದವರು.

ಇದೇ ಗೊರೂರಿನಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿಗೆ ಹೊಲ, ಮನೆ, ಊರು ಬಿಟ್ಟುಕೊಟ್ಟವರು ಎಷ್ಟೋ ಜನ. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚೂ ಹಾಗೇ ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಮುಳುಗುತ್ತದೆ, ನೀರಿಳಿದಾಗ ಮೇಲೆ ಬರುತ್ತದೆ. ಫೋಟೋ ನೋಡಿ ಆಸೆಪಟ್ಟು ಬಂದವರು ಅಲ್ಲಿ ಮಾಡುವ ತಪ್ಪು ಎರಡು. ಒಂದು, ಮೇಲೆ ಒಣಗಿದಂತೆ ಕಾಣುವ ಕೆಸರಿಗೆ ಕಾರು ಇಳಿಸುವುದು. ಚಕ್ರ ಹೂತರೆ ಟ್ರ್ಯಾಕ್ಟರೇ ಬಂದು ಎಳೆಯಬೇಕು. ಟಾರು ರಸ್ತೆ ಬಿಡಬೇಡ, ನಡೆದು ಹೋಗು. ಇನ್ನೊಂದು, ಗೋಡೆ ಹತ್ತುವುದು. ವರ್ಷ ವರ್ಷ ನೆನೆದು ಒಣಗಿ ಆ ಗಾರೆ ಸತ್ತಿದೆ, ಈಗಾಗಲೇ ಒಂದಷ್ಟು ಭಾಗ ಕುಸಿದಿದೆ. ಕಮಾನಿನ ಕೆಳಗೂ ನಿಲ್ಲಬೇಡಿ, ದೂರದಿಂದ ನೋಡಿ ಬನ್ನಿ. ಅದು ಒಂದು ಊರಿನವರು ಪ್ರಾರ್ಥನೆ ಮಾಡುತ್ತಿದ್ದ ಜಾಗ, ಅಲ್ಲಿ ಬಾಟಲಿ, ಪ್ಲಾಸ್ಟಿಕ್ ಬಿಸಾಡಿ ಬಂದರೆ ನನಗೆ ನೋವಾಗುತ್ತದೆ.

ಇನ್ನು ಹಾಸನ. ಅಲ್ಲಿನ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಆಗ ಬರುವುದಾದರೆ ಲಾಡ್ಜಿನ ರೂಮು ಮುಂಚೆಯೇ ಗೊತ್ತು ಮಾಡಿಕೋ.

ಕತ್ತಲಾದ ಮೇಲೆ ಮಾತ್ರ ಓಡಿಸಬೇಡ. ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದೆ ದೀಪವಿರುವುದಿಲ್ಲ, ಹಳ್ಳಿಯ ರಸ್ತೆಯುಬ್ಬಿಗೆ ಬಿಳಿ ಬಣ್ಣವಿರುವುದಿಲ್ಲ, ನಾಲೆ ಏರಿಯ ರಸ್ತೆಗೆ ತಡೆಗೋಡೆ ಇರುವುದಿಲ್ಲ. ಮೊಬೈಲಿನ ಮ್ಯಾಪು ಹತ್ತಿರದ ದಾರಿ ಅಂತ ನಾಲೆ ಏರಿಯನ್ನೇ ತೋರಿಸಿದರೂ ಕೇಳಬೇಡ, ಹಳ್ಳಿ ಅಂಗಡಿಯವರನ್ನು ಕೇಳು. ಸಂಜೆ ಆರರೊಳಗೆ ಉಳಿಯುವ ಊರು ಸೇರಿ, ನಮಗೊಂದು ಫೋನ್ ಮಾಡು.